ಅಟ್ಟದ ಮೇಲಿನ ಹಳೇ ರೇಡಿಯೋ: ಪ್ಲಗ್ ಚುಚ್ಚುವ ಮೊದಲು

ಮನೆಗೆ ಸುಣ್ಣ ಬಣ್ಣ ಹೊಡೆಸುವಾಗಲೋ, ಹಬ್ಬಕ್ಕೆ ಮನೆ ಗುಡಿಸುವಾಗಲೋ ಅಟ್ಟದಿಂದ ಹಳೇ ರೇಡಿಯೋ ಕೆಳಗಿಳಿಯುತ್ತದೆ. ಮರದ ಪೆಟ್ಟಿಗೆ, ಮುಂದೆ ಬಟ್ಟೆಯ ಹೊದಿಕೆ, ಗಾಜಿನ ಮೇಲೆ ಊರುಗಳ ಹೆಸರು, ತಿರುಗಿಸಲಿಕ್ಕೆ ಎರಡೋ ನಾಲ್ಕೋ ದಪ್ಪ ಕಿವಿಗಳು. ಇಳಿಸಿದವರು ಮೊದಲು ಮಾಡುವ ಕೆಲಸ ಏನು ಗೊತ್ತಲ್ವಾ? ಧೂಳು ಊದಿ, ವೈರ್ ಬಿಡಿಸಿ, ಸೀದಾ ಪ್ಲಗ್ಗಿಗೆ ಹಾಕಿ ಸ್ವಿಚ್ ಒತ್ತುವುದು. ಹತ್ತಾರು ವರ್ಷ ಏನೂ ಆಗದೆ ಕೂತಿದ್ದ ಸೆಟ್ಟು ಹಾಳಾಗುವುದು ಹೆಚ್ಚಾಗಿ ಆ ಒಂದು ನಿಮಿಷದಲ್ಲೇ.

ಹಳೇ ರೇಡಿಯೋಗಳೆಲ್ಲ ಒಂದೇ ಜಾತಿಯವಲ್ಲ. ಒಂದಕ್ಕೆ 230 ವೋಲ್ಟ್ ಕರೆಂಟ್ ಬೇಕು. ಇನ್ನೊಂದಕ್ಕೆ 90 ವೋಲ್ಟಿನ ಬ್ಯಾಟರಿ ಬೇಕು. ಮತ್ತೊಂದಕ್ಕೆ ನಾಲ್ಕು ದೊಡ್ಡ ಶೆಲ್ ಸಾಕು. ಯಾವುದಕ್ಕೆ ಏನು ಬೇಕು ಅನ್ನುವುದನ್ನು ಅದರ ರೂಪ ನೋಡಿಯೇ ಮುಕ್ಕಾಲು ಪಾಲು ಹೇಳಬಹುದು. ಆದ್ದರಿಂದ ಮೊದಲು ನೋಡುವುದು, ಆಮೇಲೆ ಅಳೆಯುವುದು, ಕರೆಂಟ್ ಕೊಡುವುದು ಕೊನೆಗೆ.

1. ಹೊರಗಿನಿಂದ ನೋಡಿ

ಸೆಟ್ಟನ್ನು ಮೇಜಿನ ಮೇಲಿಟ್ಟು ಹಿಂಬದಿಯನ್ನು ನಿಮ್ಮ ಕಡೆ ತಿರುಗಿಸಿ. ಮುಂಭಾಗ ಚೆಂದ ನಿಜ, ಆದರೆ ವಿಷಯ ಇರುವುದೆಲ್ಲ ಹಿಂದೆ. ತೂತುಗಳಿರುವ ಗಟ್ಟಿ ರಟ್ಟಿನ ಮುಚ್ಚಳ ಕಾಣುತ್ತದೆ. ಅದರ ಮೇಲೆ ಕಂಪನಿ, ಮಾಡೆಲ್ ನಂಬರು, ವೋಲ್ಟೇಜು, ಕೆಲವೊಮ್ಮೆ ವ್ಯಾಟ್ ಕೂಡ ಅಚ್ಚಾಗಿರುತ್ತದೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಮರ್ಫಿ, ಫಿಲಿಪ್ಸ್, ಬುಷ್, ಎಚ್‌ಎಂವಿ, ಜಿಇಸಿ, ನ್ಯಾಷನಲ್ ಎಕೋ, ಟೆಲೆರಾಡ್, ನೆಲ್ಕೋ ಸೆಟ್ಟುಗಳು. ಚೀಟಿ ಹರಿದಿದ್ದರೂ ಉಳಿದ ಅಕ್ಷರಗಳನ್ನು ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ರೇಡಿಯೋ ಜೊತೆ ಅಂಚೆ ಕಚೇರಿಯ ಲೈಸೆನ್ಸ್ ಪುಸ್ತಕ ಸಿಕ್ಕರೆ ಎಸೆಯಬೇಡಿ. ಆಗ ರೇಡಿಯೋ ಕೇಳಲಿಕ್ಕೂ ವರ್ಷ ವರ್ಷ ದುಡ್ಡು ಕಟ್ಟಬೇಕಿತ್ತು. ಅಂಟಿಸಿದ ಸ್ಟಾಂಪು, ಹೊಡೆದ ಮೊಹರು ನೋಡಿದರೆ ಸೆಟ್ಟಿನ ವಯಸ್ಸು ಅಂದಾಜಿಗೆ ಸಿಗುತ್ತದೆ.

ಈಗ ಜಾತಿ ಗುರುತಿಸೋಣ.

ಭಾರವಾಗಿದೆ, ಒಬ್ಬರೇ ಎತ್ತಿದರೆ ಸೊಂಟ ಹಿಡಿಯುತ್ತದೆ, ಒಂದು ಪಕ್ಕದ ಕಡೆ ತೂಕ ಜಾಸ್ತಿ. ಹಾಗಾದರೆ ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇದೆ. ಇದು ಎ.ಸಿ. ಕರೆಂಟಿನ, ಅಂದರೆ ಈಗ ನಮ್ಮ ಮನೆಗಳಿಗೆ ಬರುವ ಕರೆಂಟಿನ, ವಾಲ್ವ್ ರೇಡಿಯೋ. ವಾಲ್ವ್ ಅಂದರೆ ಟ್ರಾನ್ಸಿಸ್ಟರ್ ಬರುವ ಮೊದಲು ಅದರ ಕೆಲಸ ಮಾಡುತ್ತಿದ್ದ, ಒಳಗೆ ತಂತಿ ಕಾಯುವ ಗಾಜಿನ ಬುರುಡೆ. ಪಿಯಾನೋ ಮನೆಯಂಥ ಬಿಳಿ ಗುಂಡಿಗಳು, ಸ್ಟೇಷನ್ ಸಿಕ್ಕಾಗ ಹತ್ತಿರ ಬರುವ ಹಸಿರು ಕಣ್ಣು, ಹಿಂದೆ ಗ್ರಾಮಫೋನ್ ಚುಚ್ಚುವ ಸಾಕೆಟ್ಟು ಇವೆಲ್ಲ ಹೆಚ್ಚಾಗಿ ಈ ಜಾತಿಯವಕ್ಕೇ ಇರುತ್ತವೆ. ಪೆಟ್ಟಿಗೆ ಮರದ್ದು, ಮೇಲೆ ತೆಳು ಮರದ ಪದರ ಅಂಟಿಸಿ ಪಾಲಿಷ್ ಹೊಡೆದಿರುತ್ತಾರೆ.

ಗಾತ್ರ ಸಣ್ಣದು, ಬೇಕಲೈಟ್ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆ, ಎತ್ತಿದರೆ ಹಗುರ, ಆದರೂ ಗೋಡೆಗೆ ಚುಚ್ಚುವ ವೈರ್ ಇದೆ. ಇಲ್ಲಿ ಹುಷಾರು. ಇದು ಎ.ಸಿ./ಡಿ.ಸಿ. ಸೆಟ್ಟು ಆಗಿರುವ ಸಾಧ್ಯತೆ ಹೆಚ್ಚು. ಚೀಟಿಯ ಮೇಲೆ ಅಲೆಯ ಗುರುತು ಮತ್ತು ಎರಡು ಅಡ್ಡಗೆರೆಯ ಗುರುತು ಒಟ್ಟಿಗೇ ಇದ್ದರೆ ಖಾತ್ರಿ. ಆ ಕಾಲದಲ್ಲಿ ಕೆಲವು ನಗರಗಳಿಗೆ ಡಿ.ಸಿ. ಕರೆಂಟ್, ಅಂದರೆ ಬ್ಯಾಟರಿಯಂತೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್ ಬರುತ್ತಿತ್ತು. ಡಿ.ಸಿ.ಯಲ್ಲಿ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದಿಲ್ಲ. ಹಾಗಾಗಿ ಅದನ್ನೇ ಬಿಟ್ಟು, ಎರಡಕ್ಕೂ ಒಗ್ಗುವ ಸೆಟ್ಟು ಮಾಡಿದರು. ಟ್ರಾನ್ಸ್‌ಫಾರ್ಮರಿನ ಖರ್ಚೂ ಉಳಿಯಿತು. ಖರ್ಚು ಉಳಿದ ಕಡೆ ಅಪಾಯ ಸೇರಿಕೊಂಡಿತು, ಅದನ್ನು ಮುಂದೆ ಹೇಳುತ್ತೇನೆ.

ಮರದ ದೊಡ್ಡ ಪೆಟ್ಟಿಗೆಯೇ ಇದೆ, ಆದರೆ ಗೋಡೆಗೆ ಚುಚ್ಚುವ ಪ್ಲಗ್ ಇಲ್ಲ. ಬದಲಿಗೆ ಮೂರು ನಾಲ್ಕು ಪಿನ್ನಿನ ಸಣ್ಣ ಪ್ಲಗ್ಗೋ, ಸುಮ್ನೆ ನೇತಾಡುವ ಬಣ್ಣಬಣ್ಣದ ವೈರ್‌ಗಳೋ ಇವೆ. ಇದು ಬ್ಯಾಟರಿ ವಾಲ್ವ್ ರೇಡಿಯೋ. ಕರೆಂಟ್ ಕಾಣದ ಹಳ್ಳಿಗಳಲ್ಲಿ ಇವೇ ಓಡುತ್ತಿದ್ದವು. ಇದಕ್ಕೆ ಹೊಸ ಪ್ಲಗ್ ಕಟ್ಟಿ ಗೋಡೆಗೆ ಚುಚ್ಚುವವರು ಇದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಎಲ್ಲ ವಾಲ್ವ್‌ಗಳೂ ಒಂದೇ ಕ್ಷಣದಲ್ಲಿ ಹೋಗುತ್ತವೆ.

ಕೊನೆಯದು ಎಲ್ಲರಿಗೂ ಗೊತ್ತಿರುವ ಟ್ರಾನ್ಸಿಸ್ಟರ್. ಹಿಡಿಕೆ, ಚರ್ಮದ ಚೀಲ, ಎಳೆದರೆ ಉದ್ದವಾಗುವ ಏರಿಯಲ್ ಕಡ್ಡಿ, ಹಿಂದೆ ಶೆಲ್ ಹಾಕುವ ಜಾಗ. ಮೊದಲ ಟ್ರಾನ್ಸಿಸ್ಟರ್ ರೇಡಿಯೋ ಅಮೆರಿಕದಲ್ಲಿ 1954ರಲ್ಲಿ ಮಾರಾಟಕ್ಕೆ ಬಂತು. ನಮ್ಮ ಹೊಲ ಗದ್ದೆಗಳಿಗೆ ಇದು ಬಂದಿದ್ದು ಆ ಮುಂದಿನ ದಶಕಗಳಲ್ಲಿ. ಮರದ ಪೆಟ್ಟಿಗೆಯ ಟ್ರಾನ್ಸಿಸ್ಟರ್ ಸೆಟ್ಟುಗಳೂ ಇವೆ. ಅವುಗಳನ್ನು ನೋಡಿ ವಾಲ್ವ್ ಸೆಟ್ಟು ಅಂದುಕೊಳ್ಳುವುದು ಸುಲಭ. ಹಿಂದಿನ ಮುಚ್ಚಳ ತೆಗೆದರೆ ಅನುಮಾನ ಮುಗಿಯಿತು. ಗಾಜಿನ ಬುರುಡೆಗಳು ಕಂಡರೆ ವಾಲ್ವ್, ಕಾಣದಿದ್ದರೆ ಟ್ರಾನ್ಸಿಸ್ಟರ್.

2. ವಾಲ್ವಿನ ಮೊದಲ ಅಕ್ಷರ ಓದಿ

ಚೀಟಿ ಪೂರ್ತಿ ಹೋಗಿದೆ ಅಂದುಕೊಳ್ಳಿ. ಆಗ ವಾಲ್ವ್‌ಗಳೇ ಸಾಕ್ಷಿ. ಗಾಜಿನ ಮೇಲೆ ಮಸುಕಾದ ನಂಬರು ಇರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಓದಿ. ಬೆರಳಿನಿಂದ ಉಜ್ಜಬೇಡಿ, ಅಕ್ಷರ ಕೈಗೇ ಬರುತ್ತದೆ.

ಫಿಲಿಪ್ಸ್ ಮತ್ತಿತರ ಯುರೋಪಿನ ವಾಲ್ವ್‌ಗಳಲ್ಲಿ ಮೊದಲ ಇಂಗ್ಲಿಷ್ ಅಕ್ಷರವೇ ಕರೆಂಟಿನ ಗುಟ್ಟು ಹೇಳಿಬಿಡುತ್ತದೆ. 'ಇ' ಇಂದ ಶುರುವಾದರೆ, ಅಂದರೆ ಇಸಿಎಚ್81, ಇಬಿಎಫ್89, ಇಎಲ್84 ಥರದವು, ಒಳಗಿನ ತಂತಿ ಕಾಯಲು 6.3 ವೋಲ್ಟ್ ಬೇಕು. ಇವು ಟ್ರಾನ್ಸ್‌ಫಾರ್ಮರ್ ಸೆಟ್ಟಿನವು. 'ಯು' ಇಂದ ಶುರುವಾದರೆ, ಯುಸಿಎಚ್42, ಯುಎಲ್41, ಯುವೈ41 ಹೀಗೆ, ಅವು ಎ.ಸಿ./ಡಿ.ಸಿ. ಸೆಟ್ಟಿನವು. ಸಾಲಾಗಿ ಎಲ್ಲದರ ಮೂಲಕವೂ ಅದೇ 100 ಮಿಲಿಆಂಪಿಯರ್ ಹರಿಯುತ್ತದೆ. 'ಡಿ' ಇಂದ ಶುರುವಾದರೆ, ಡಿಕೆ96, ಡಿಎಫ್96, ಡಿಎಲ್96 ಥರ, 1.4 ವೋಲ್ಟಿನ ಬ್ಯಾಟರಿ ವಾಲ್ವ್.

ಅಮೆರಿಕದ ವಾಲ್ವ್‌ಗಳಲ್ಲಿ ಮೊದಲ ಅಂಕಿಯೇ ಹೆಚ್ಚುಕಮ್ಮಿ ವೋಲ್ಟೇಜು. 6ವಿ6 ಅಂದರೆ 6.3 ವೋಲ್ಟ್, 12ಬಿಇ6 ಅಂದರೆ 12.6, 50ಸಿ5 ಅಂದರೆ 50. ಒಂದರಿಂದ ಶುರುವಾಗುವ 1ಆರ್5, 1ಟಿ4 ಬ್ಯಾಟರಿಯವು.

3. ಎಷ್ಟು ಕರೆಂಟ್ ತಿನ್ನುತ್ತದೆ?

ಐದಾರು ವಾಲ್ವಿನ ಎ.ಸಿ. ಸೆಟ್ಟು ಸುಮಾರು 40ರಿಂದ 60 ವ್ಯಾಟ್ ಎಳೆಯುತ್ತದೆ. ಇಷ್ಟೆಲ್ಲ ಎಲ್ಲಿಗೆ ಹೋಗುತ್ತದೆ ಅನ್ನುವುದು ನೋಡುವಂಥ ಲೆಕ್ಕ. ಇಎಲ್84 ಒಂದೇ ಬಿಸಿಯಾಗಲು 6.3 ವೋಲ್ಟಿನಲ್ಲಿ 0.76 ಆಂಪಿಯರ್ ಬೇಕು, ಹತ್ತಿರ ಹತ್ತಿರ 5 ವ್ಯಾಟ್. ಉಳಿದವನ್ನೂ ಸೇರಿಸಿದರೆ ಬರೀ ಬಿಸಿಗೇ 15 ವ್ಯಾಟ್ ಆಸುಪಾಸು. ವಾಲ್ವ್‌ಗಳೊಳಗೆ ಕೊಡುವ 250 ವೋಲ್ಟಿನ ದೊಡ್ಡ ವೋಲ್ಟೇಜಿಗೆ ಇನ್ನೊಂದಷ್ಟು. ಡಯಲ್ ದೀಪ, ಟ್ರಾನ್ಸ್‌ಫಾರ್ಮರ್ ಬಿಸಿ ಬೇರೆ. ಇಷ್ಟೆಲ್ಲ ತಿಂದು ಸ್ಪೀಕರಿಗೆ ಕೊಡುವುದು ಮೂರು ನಾಲ್ಕು ವ್ಯಾಟ್ ಮಾತ್ರ.

ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರು ಮಾಡಿದಾಗ ಪ್ರಸಾರಕದ ಶಕ್ತಿ 30 ವ್ಯಾಟ್. ಅದಕ್ಕಿಂತ ಜಾಸ್ತಿ ಕರೆಂಟನ್ನು ನಿಮ್ಮ ಅಟ್ಟದ ಸೆಟ್ಟು ಕೇಳಲಿಕ್ಕೇ ತಿನ್ನುತ್ತದೆ!

ಬಿಲ್ಲಿನ ಭಯ ಬೇಡ. 45 ವ್ಯಾಟಿನ ಸೆಟ್ಟನ್ನು ದಿನಕ್ಕೆ ಎರಡು ಗಂಟೆ ಹಾಕಿದರೆ ತಿಂಗಳಿಗೆ 2.7 ಯೂನಿಟ್ ಆಗುತ್ತದೆ. ಟ್ರಾನ್ಸಿಸ್ಟರ್ ಲೆಕ್ಕ ಇನ್ನೊಂದು ತುದಿ. 6 ವೋಲ್ಟಿನ ಸೆಟ್ಟು ಮೆಲ್ಲಗೆ ಹಾಡುವಾಗ 20 ಮಿಲಿಆಂಪಿಯರ್ ಆಸುಪಾಸು ಎಳೆದರೆ 0.12 ವ್ಯಾಟ್. ಜೋರು ಮಾಡಿದರೆ ಅದರ ಹಲವು ಪಟ್ಟು ಏರುತ್ತದೆ, ಆದರೂ ವಾಲ್ವ್ ಸೆಟ್ಟಿನ ಹತ್ತಿರಕ್ಕೂ ಬರುವುದಿಲ್ಲ.

4. ಒಳಗೆ ಕೈ ಹಾಕುವ ಮೊದಲು

ಪ್ಲಗ್ ಗೋಡೆಯಲ್ಲಿ ಇಲ್ಲ ಅನ್ನುವುದನ್ನು ಕಣ್ಣಾರೆ ನೋಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಿಂದಿನ ಮುಚ್ಚಳದ ತಿರುಪುಗಳನ್ನು ಬಿಚ್ಚಿ ಒಂದು ಬಟ್ಟಲಿಗೆ ಹಾಕಿ.

ಒಳಗೆ ಇಲಿ ಗೂಡು, ಜಿರಳೆ ಹಿಕ್ಕೆ, ಜೇಡರ ಬಲೆ ಇರುವುದು ಮಾಮೂಲು. ಮೆತ್ತಗಿನ ಪೇಂಟ್ ಬ್ರಷ್ಷಿನಿಂದ ಒರೆಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಿಸಿಯಾಗುವ ಭಾಗಗಳ ಹತ್ತಿರ ಬೂದು ಬಣ್ಣದ ನಾರಿನಂಥ ಹಾಳೆ ಕಂಡರೆ ಅದು ಆಸ್ಬೆಸ್ಟಾಸ್ ಇರಬಹುದು. ಅದನ್ನು ಕೆರೆಯಬೇಡಿ, ಊದಬೇಡಿ, ಇದ್ದ ಹಾಗೇ ಬಿಡಿ.

ಡಯಲ್ ಗಾಜಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸಿಲೋನ್, ಲಂಡನ್, ದೆಹಲಿ ಎಂದು ಬರೆದ ಬಣ್ಣ ಇರುವುದು ಗಾಜಿನ ಒಳಬದಿಗೆ. ವರ್ಷಗಳ ಬಿಸಿಗೆ ಅದರ ಹಿಡಿತ ಸಡಿಲವಾಗಿರುತ್ತದೆ. ಒದ್ದೆ ಬಟ್ಟೆ ಒಮ್ಮೆ ಆಡಿಸಿದರೆ ಊರುಗಳೆಲ್ಲ ಬಟ್ಟೆಗೆ ಬರುತ್ತವೆ. ಹೊರಬದಿಯನ್ನು ಮಾತ್ರ ಒರೆಸಿ. ಒಳಬದಿಗೆ ಒಣ ಬ್ರಷ್, ಅದೂ ಅಕ್ಷರಗಳನ್ನು ಬಿಟ್ಟು.

ಮುಳ್ಳು ಎಳೆಯುವ ದಾರ ತುಂಡಾಗಿದ್ದರೆ, ಅದು ಸುತ್ತಿರುವ ರೀತಿಯನ್ನು ಕಾಗದದ ಮೇಲೆ ಬಿಡಿಸಿಕೊಂಡ ಮೇಲೇ ಕೀಳಿ. ಹಳೇ ದಾರ ಪೂರ್ತಿ ತೆಗೆದಮೇಲೆ ನೆನಪಿನಿಂದ ಸುತ್ತುವುದು ಯಾರ ಕೈಲೂ ಆಗುವ ಕೆಲಸವಲ್ಲ.

ಪವರ್ ವೈರನ್ನು ಬಗ್ಗಿಸಿ ನೋಡಿ. ರಬ್ಬರ್ ಪುಡಿಯಾದರೆ, ಬಟ್ಟೆ ಹೊದಿಕೆ ಹರಿದಿದ್ದರೆ ಯೋಚಿಸಬೇಡಿ, ಹೊಸದು ಹಾಕಿಸಿ. ಹಳೇದರ ಚೆಂದಕ್ಕೆ ಮರುಳಾಗಿ ಉಳಿಸಿಕೊಳ್ಳುವ ವಸ್ತು ಅದಲ್ಲ.

5. ಮೀಟರ್ ಹಿಡಿದು ಮೂರು ಅಳತೆ

ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಪ್ಲಗ್ ಗೋಡೆಯಿಂದ ಹೊರಗೇ ಇರಲಿ, ರೇಡಿಯೋದ ಸ್ವಿಚ್ ಮಾತ್ರ ಆನ್ ಮಾಡಿ.

ಮೊದಲು ಪ್ಲಗ್ಗಿನ ಎರಡು ಪಿನ್ ನಡುವೆ ಓಮ್ ಅಳೆಯಿರಿ. ಹತ್ತಾರು ಓಮ್ ತೋರಿಸಿದರೆ ಟ್ರಾನ್ಸ್‌ಫಾರ್ಮರಿನ ಸುತ್ತು ನೆಟ್ಟಗಿದೆ. ಸಾವಿರದ ಮೇಲೆ ತೋರಿಸಿದರೆ ಬಹುಶಃ ಎ.ಸಿ./ಡಿ.ಸಿ. ಸೆಟ್ಟು. ಏನೂ ತೋರಿಸದಿದ್ದರೆ ಎಲ್ಲೋ ಕಡಿದಿದೆ. ಸ್ವಿಚ್ಚೋ, ಫ್ಯೂಸೋ, ವಾಲ್ವಿನ ತಂತಿಯೋ ನೋಡಬೇಕು.

ಎರಡನೆಯದು, ಒಂದೊಂದೇ ಪಿನ್ನಿನಿಂದ ಚಾಸಿಗೆ, ಅಂದರೆ ಭಾಗಗಳನ್ನೆಲ್ಲ ಕೂರಿಸಿರುವ ಒಳಗಿನ ತಗಡಿನ ಚೌಕಟ್ಟಿಗೆ. ಇದು ಎಲ್ಲಕ್ಕಿಂತ ಮುಖ್ಯ. ಟ್ರಾನ್ಸ್‌ಫಾರ್ಮರ್ ಸೆಟ್ಟಿನಲ್ಲಿ ಇಲ್ಲಿ ಮೆಗಾಓಮ್‌ಗಳೇ ಇರಬೇಕು. ಯಾವುದೋ ಒಂದು ಪಿನ್ನಿಗೆ ಸೊನ್ನೆಯ ಹತ್ತಿರ ಬಂದರೆ, ಗೋಡೆಯ ಕರೆಂಟು ಸೀದಾ ತಗಡಿಗೇ ಬರುತ್ತದೆ ಎಂದು ಅರ್ಥ. ಅಂಥ ಸೆಟ್ಟನ್ನು ಕೆಳಗೆ ಎಂಟನೇ ಭಾಗ ಓದುವ ತನಕ ಮುಟ್ಟಬೇಡಿ.

ಮೂರನೆಯದು, ಕರೆಂಟನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ, ದೊಡ್ಡ ಅಲ್ಯೂಮಿನಿಯಂ ಡಬ್ಬಿಯಂಥ ಕೆಪಾಸಿಟರಿನ ಪಾಸಿಟಿವ್ ತುದಿಯಿಂದ ಚಾಸಿಗೆ. ಮೀಟರ್ ಮೆಲ್ಲಗೆ ಏರುತ್ತಾ ಹೋಗಿ ಹತ್ತಾರು ಕಿಲೋಓಮ್ ಮುಟ್ಟಬೇಕು. ಸೊನ್ನೆಯ ಹತ್ತಿರವೇ ನಿಂತರೆ ಕೆಪಾಸಿಟರ್ ಶಾರ್ಟ್ ಆಗಿರಬಹುದು.

6. ಸೀರೀಸ್ ಬಲ್ಬ್

ಹಳೇ ಮೆಕ್ಯಾನಿಕ್ಕುಗಳ ಮೇಜಿನ ಮೇಲೆ ಇದು ಇದ್ದೇ ಇರುತ್ತಿತ್ತು. ಒಂದು ಬೋರ್ಡಿನ ಮೇಲೆ ಬಲ್ಬ್ ಹೋಲ್ಡರ್, ಪಕ್ಕದಲ್ಲಿ ಸಾಕೆಟ್. ಫೇಸ್ ವೈರು ಬಲ್ಬನ್ನು ದಾಟಿಕೊಂಡೇ ಸಾಕೆಟ್ಟಿಗೆ ಬರಬೇಕು. ಬಲ್ಬು ತಂತಿ ಇರುವ ಹಳೇ ಥರದ್ದೇ ಆಗಬೇಕು, 60 ವ್ಯಾಟ್. ಎಲ್‌ಇಡಿ ಬಲ್ಬ್ ಹಾಕಿದರೆ ಪ್ರಯೋಜನವಿಲ್ಲ. ನಿಮಗೆ ಮೇನ್ಸ್ ವೈರಿಂಗ್ ಕೈಹಿಡಿದ ಕೆಲಸವಲ್ಲದಿದ್ದರೆ ಎಲೆಕ್ಟ್ರೀಷಿಯನ್ ಕೈಲಿ ಮಾಡಿಸಿಕೊಳ್ಳಿ. ಖರ್ಚು ದೊಡ್ಡದಲ್ಲ.

ಉಪಾಯ ಸರಳ. ರೇಡಿಯೋ ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ರೇಡಿಯೋ ಸುಡುವುದು ತಪ್ಪುತ್ತದೆ. 60 ವ್ಯಾಟಿನ ಬಲ್ಬ್ ಕಾಲು ಆಂಪಿಯರಿಗಿಂತ ಜಾಸ್ತಿ ಹೆಚ್ಚುಕಮ್ಮಿ ಬಿಡುವುದೇ ಇಲ್ಲ.

ಟ್ರಾನ್ಸ್‌ಫಾರ್ಮರ್ ಸೆಟ್ಟಾದರೆ ಮೊದಲು ರೆಕ್ಟಿಫೈಯರ್ ವಾಲ್ವನ್ನು, ಅಂದರೆ ಎ.ಸಿ.ಯನ್ನು ಡಿ.ಸಿ. ಮಾಡುವ ವಾಲ್ವನ್ನು ಕಿತ್ತಿಡಿ. ಇಝಡ್80 ಅಥವಾ 5ವೈ3 ಥರದ್ದು ಇರುತ್ತದೆ. ಆಗ ಒಳಗೆ ದೊಡ್ಡ ವೋಲ್ಟೇಜೇ ಹುಟ್ಟುವುದಿಲ್ಲ, ಬರೀ ಬಿಸಿ ಮತ್ತು ದೀಪ. ಹಿಂದೆ ವೋಲ್ಟೇಜ್ ಆರಿಸುವ ತಿರುಗಣೆಯೋ ಪಟ್ಟಿಯೋ ಇದ್ದರೆ ಅದನ್ನು 245 ಅಥವಾ ಅದರ ಆಸುಪಾಸಿನ ದೊಡ್ಡ ಅಂಕಿಗೆ ಇಡಿ. ನಮ್ಮ ಮನೆಗಳಿಗೆ ಬರುವುದು ಹೆಸರಿಗೆ 230, ಆದರೆ ರಾತ್ರಿ ಹೊತ್ತು ಅದಕ್ಕಿಂತ ಮೇಲೇ ಇರುತ್ತದೆ. ಅಪ್ಪಿತಪ್ಪಿ 110ರಲ್ಲಿ ಇದ್ದರೆ ಟ್ರಾನ್ಸ್‌ಫಾರ್ಮರ್ ಕಥೆ ಮುಗಿಯಿತು.

ಈಗ ಸ್ವಿಚ್ ಹಾಕಿ. ಡಯಲ್ ದೀಪ ಮಂಕಾಗಿ ಹತ್ತಬೇಕು. ಸೀರೀಸ್ ಬಲ್ಬು ಕೆಂಪಗೆ ಕಾಣಬೇಕು ಅಷ್ಟೇ. ಕಾಲು ಗಂಟೆ ಬಿಡಿ, ಪಕ್ಕದಲ್ಲೇ ಇರಿ. ಪ್ಲಗ್ ತೆಗೆದು ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಕರಗಿದ ಟಾರಿನ ವಾಸನೆ ಬಂದರೆ ಮುಂದೆ ಹೋಗಬೇಡಿ.

ಸರಿ ಇದ್ದರೆ ಮುಂದಿನ ಭಾಗದ ಕೆಪಾಸಿಟರ್ ಕೆಲಸ ಮುಗಿಸಿ, ರೆಕ್ಟಿಫೈಯರ್ ಹಾಕಿ, ಮತ್ತೆ ಸೀರೀಸ್ ಬಲ್ಬಿನಲ್ಲೇ ಹಾಕಿ. ಬಲ್ಬು ಮೊದಲು ಹೊಳೆದು ಮಂಕಾಗಿ, ಅರ್ಧ ನಿಮಿಷದಲ್ಲಿ ವಾಲ್ವ್‌ಗಳು ಕಾದಾಗ ಸ್ವಲ್ಪ ಮೇಲೇರಿ ನಿಲ್ಲಬೇಕು. ಪೂರ್ತಿ ಬೆಳಗಿದರೆ ಆಫ್ ಮಾಡಿ.

ಎ.ಸಿ./ಡಿ.ಸಿ. ಸೆಟ್ಟಿನಲ್ಲಿ ವಾಲ್ವ್ ಕೀಳುವ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಒಂದು ಕಿತ್ತರೆ ಸಾಲೇ ಕಡಿಯುತ್ತದೆ.

7. ಕೆಪಾಸಿಟರ್‌ಗಳು, ಅಂದರೆ ನಿಜವಾದ ಕಾಯಿಲೆ

ಜನ ವಾಲ್ವ್ ಹೋಗಿದೆ, ವಾಲ್ವ್ ಸಿಗಲ್ಲ ಅಂತ ಕೊರಗುತ್ತಾರೆ. ನಿಜ ಹೇಳಬೇಕಂದರೆ ವಾಲ್ವ್‌ಗಳು ಗಟ್ಟಿ ಜೀವ. ಕೆಡುವುದು ಮೇಣ ಮೆತ್ತಿದ ಕಾಗದದ ಕೆಪಾಸಿಟರ್‌ಗಳು ಮತ್ತು ದೊಡ್ಡ ಡಬ್ಬಿ ಕೆಪಾಸಿಟರ್‌ಗಳು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದ್ದ ಸೆಟ್ಟಾದರೆ ತೇವಕ್ಕೆ ಇನ್ನೂ ಬೇಗ.

ಒಂದೇ ಒಂದನ್ನು ಬದಲಿಸುವುದಾದರೆ ಇದನ್ನು ಬದಲಿಸಿ: ಕೊನೆಯ ದೊಡ್ಡ ವಾಲ್ವಿನ, ಅಂದರೆ ಇಎಲ್84 ಅಥವಾ ಯುಎಲ್41ರ, ಗ್ರಿಡ್ಡಿಗೆ (ವಾಲ್ವಿನೊಳಗಿನ ಕರೆಂಟನ್ನು ಹಿಡಿತದಲ್ಲಿಡುವ ಭಾಗಕ್ಕೆ) ಹೋಗುವ 0.01 ಮೈಕ್ರೋಫ್ಯಾರಡ್ ಆಸುಪಾಸಿನ ಕೆಪಾಸಿಟರ್. ಇದು ಸೋರಿದರೆ ಗ್ರಿಡ್ಡಿಗೆ ಪಾಸಿಟಿವ್ ವೋಲ್ಟೇಜ್ ಬರುತ್ತದೆ. ವಾಲ್ವ್ ಹದ್ದುಮೀರಿ ಕರೆಂಟ್ ಎಳೆದು ತಾನೂ ಕೆಂಪಾಗುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಹತ್ತಿಪ್ಪತ್ತು ರೂಪಾಯಿಯ ವಸ್ತು ಉಳಿಸಲು ಹೋಗಿ ಸಿಗದ ವಸ್ತು ಕಳೆದುಕೊಳ್ಳಬೇಕೇ? ಅಷ್ಟೇ ಮೈಕ್ರೋಫ್ಯಾರಡ್ ಇರುವ, 630 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿ.

ಡಬ್ಬಿ ಕೆಪಾಸಿಟರಿನ ತಲೆ ಉಬ್ಬಿದ್ದರೆ, ಬುಡದಲ್ಲಿ ಅಂಟು ಸೋರಿದ್ದರೆ ಹೊಸದು ಬೇಕು. ಸದ್ದಿನಲ್ಲಿ 'ಗುಂಯ್' ಅನ್ನುವ ದನಿ ಜೋರಾಗಿದ್ದರೂ ಇದರದ್ದೇ ಕೆಲಸ. 450 ವೋಲ್ಟಿನದ್ದು, ಹಳೇದರಷ್ಟೇ ಅಥವಾ ಅದರ ಹತ್ತಿರದ ಮೈಕ್ರೋಫ್ಯಾರಡ್ ಇರುವುದು ತನ್ನಿ. ಜಾಸ್ತಿ ಇದ್ದರೆ ಒಳ್ಳೆಯದು ಅಂತ 220 ಮೈಕ್ರೋಫ್ಯಾರಡ್ ಹಾಕಬೇಡಿ. ಇಝಡ್80, ಯುವೈ41ನಂಥ ರೆಕ್ಟಿಫೈಯರ್ ವಾಲ್ವ್‌ಗಳು ಮೊದಲ ಕೆಪಾಸಿಟರ್ 50 ಮೈಕ್ರೋಫ್ಯಾರಡ್ ದಾಟಿದರೆ ತಾಳುವುದಿಲ್ಲ. ಕರೆಂಟ್ ವೈರಿಗೆ ಅಡ್ಡಲಾಗಿ ಇರುವ ಕೆಪಾಸಿಟರಿಗೆ ಎಕ್ಸ್2 ಎಂದು ಗುರುತಿರುವುದನ್ನೂ, ಅಲ್ಲಿಂದ ಚಾಸಿಗೆ ಹೋಗುವುದಕ್ಕೆ ವೈ ಗುರುತಿನದ್ದನ್ನೂ ಕೇಳಿ ಪಡೆಯಿರಿ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಇವೆಲ್ಲ ಸಿಗುತ್ತವೆ.

ಬೆಸುಗೆ ಹಾಕುವ ಮೊದಲು ಒಂದು ಮಾತು. ಆಫ್ ಮಾಡಿದ ಮೇಲೂ ಈ ಡಬ್ಬಿಗಳಲ್ಲಿ 250, 300 ವೋಲ್ಟ್ ಉಳಿದಿರಬಹುದು. 10 ಕಿಲೋಓಮಿನ 5 ವ್ಯಾಟ್ ರೆಸಿಸ್ಟರಿನ (ಕರೆಂಟಿನ ಹರಿವನ್ನು ತಡೆಯುವ ಭಾಗದ) ಎರಡು ತುದಿಗೆ ಹೊದಿಕೆ ಇರುವ ವೈರ್ ಕಟ್ಟಿ, ಪಾಸಿಟಿವ್ ತುದಿಗೂ ಚಾಸಿಗೂ ಕೆಲವು ಸೆಕೆಂಡ್ ಹಿಡಿಯಿರಿ. ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೇ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ಟಪ್ ಅನಿಸುವ ಪದ್ಧತಿ ಬೇಡ.

ಹೊಸ ವೈರಿನ ಜೊತೆ ಫ್ಯೂಸ್ ಕೂಡ ಸೇರಿಸಿ. 45 ವ್ಯಾಟಿಗೆ 0.2 ಆಂಪಿಯರ್ ಸಾಕು. ಶುರುವಿನ ಎಳೆತಕ್ಕೆ ಸ್ವಲ್ಪ ಜಾಗ ಬಿಟ್ಟು, ನಿಧಾನಕ್ಕೆ ಸುಡುವ 500 ಮಿಲಿಆಂಪಿಯರ್ ಫ್ಯೂಸ್ ಹಾಕಿದರೆ ಆಯಿತು. ಟ್ರಾನ್ಸ್‌ಫಾರ್ಮರ್ ಸೆಟ್ಟಾದರೆ ಮೂರು ಪಿನ್ನಿನ ವೈರ್ ಹಾಕಿ, ಅರ್ಥಿಂಗನ್ನು ಚಾಸಿಗೆ ಕಟ್ಟಿಸಿ.

8. ಎ.ಸಿ./ಡಿ.ಸಿ. ಸೆಟ್ಟು: ಇಲ್ಲಿ ತಗಡೇ ಕರೆಂಟು

ಇದರಲ್ಲಿ ಗೋಡೆಯ ಎರಡು ವೈರುಗಳಲ್ಲಿ ಒಂದು ಸೀದಾ ಚಾಸಿಗೆ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುವುಮುರುವಾದರೆ ಫೇಸ್ ತಗಡಿಗೆ ಬರುತ್ತದೆ. ಕಂಪನಿಯವರಿಗೆ ಇದು ಗೊತ್ತಿತ್ತು. ಅದಕ್ಕೇ ಪೆಟ್ಟಿಗೆ ಬೇಕಲೈಟಿನದ್ದು, ಕಿವಿಗಳು ಪ್ಲಾಸ್ಟಿಕ್ಕಿನವು, ಕಿವಿಯೊಳಗಿನ ತಿರುಪಿಗೆ ಮೇಣ ತುಂಬಿರುತ್ತಿದ್ದರು. ಈಗ ಕಿವಿ ಬಿದ್ದುಹೋಗಿ ಬರೀ ಕಬ್ಬಿಣದ ಕಡ್ಡಿ ಉಳಿದಿದ್ದರೆ, ಅದನ್ನು ಕೈಯಲ್ಲಿ ತಿರುಗಿಸುವವರಿಗೆ ಶಾಕ್ ಖಂಡಿತ.

ಇಂಥ ಸೆಟ್ಟಿನ ಚಾಸಿಗೆ ಅರ್ಥಿಂಗ್ ಕಟ್ಟಬಾರದು. ಫೇಸ್ ಬಂದಾಗ ನೇರ ಶಾರ್ಟ್ ಆಗುತ್ತದೆ. ರಿಪೇರಿ ಮಾಡುವಾಗ 230ಕ್ಕೆ 230 ಕೊಡುವ, ಆದರೆ ಗೋಡೆಯ ವೈರಿಗೂ ಸೆಟ್ಟಿಗೂ ನೇರ ಸಂಪರ್ಕ ತಪ್ಪಿಸುವ, 100 ವೋಲ್ಟ್‌ಆಂಪಿಯರಿನ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ದಿನಾ ಕೇಳುವುದಾದರೂ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಮಕ್ಕಳಿದ್ದರೆ ನನ್ನ ಸಲಹೆ ಇನ್ನೂ ಸರಳ: ಒರೆಸಿ ಶೋಕೇಸಿನಲ್ಲಿಡಿ, ವೈರ್ ಕತ್ತರಿಸಿಬಿಡಿ.

ಇದರೊಳಗೆ ಕೆಂಡದಂತೆ ಸುಡುವ ಒಂದು ರೆಸಿಸ್ಟರ್ ಇರುತ್ತದೆ. ಲೆಕ್ಕ ನೋಡಿ. ಯುಸಿಎಚ್42ಕ್ಕೆ 14 ವೋಲ್ಟ್, ಯುಎಫ್41ಕ್ಕೆ 12.6, ಯುಬಿಸಿ41ಕ್ಕೆ 14, ಯುಎಲ್41ಕ್ಕೆ 45, ಯುವೈ41ಕ್ಕೆ 31. ಕೂಡಿದರೆ ಸುಮಾರು 117. ಬಂದದ್ದು 230, ಉಳಿದ 113 ವೋಲ್ಟನ್ನು ಆ ರೆಸಿಸ್ಟರ್ ನುಂಗುತ್ತದೆ. 0.1 ಆಂಪಿಯರಿನಲ್ಲಿ ಅದು 11 ವ್ಯಾಟ್, ಪೂರ್ತಿ ಬಿಸಿ. ಹಾಗಾಗಿ ಇದನ್ನು ಗೋಡೆಗೆ ಒತ್ತಿ ಇಡಬೇಡಿ, ಮೇಲೆ ಕಸೂತಿ ಬಟ್ಟೆ ಹಾಸಬೇಡಿ.

ಅಮೆರಿಕದಲ್ಲಿರುವ ನೆಂಟರು ಅಲ್ಲಿನ ಹಳೇ ಸೆಟ್ಟು ತಂದುಕೊಟ್ಟಿದ್ದರೆ ಇದೇ ಜಾತಿಯದ್ದಾಗಿರುತ್ತದೆ ಎಂದುಕೊಳ್ಳಿ. ಅಲ್ಲಿನ ಐದು ವಾಲ್ವಿನ ಸಾಲು ಕೂಡಿದರೆ ಸುಮಾರು 120 ವೋಲ್ಟ್, ಅಲ್ಲಿನ ಕರೆಂಟಿಗೇ ಸರಿ. ನಡುವೆ ರೆಸಿಸ್ಟರ್ ಇಲ್ಲ. ನಮ್ಮ ಗೋಡೆಗೆ ಚುಚ್ಚಿದರೆ ಬೆಳಕು ಚೆನ್ನಾಗಿ ಬರುತ್ತದೆ, ಒಂದೇ ಸಲ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತನ್ನಿ. ಅಗ್ಗದ ಆಟೋ ಟ್ರಾನ್ಸ್‌ಫಾರ್ಮರುಗಳು ವೋಲ್ಟೇಜ್ ಇಳಿಸುತ್ತವೆಯೇ ಹೊರತು ಶಾಕಿನಿಂದ ಕಾಪಾಡುವುದಿಲ್ಲ. ಎರಡು ಬೇರೆ ಬೇರೆ ಸುತ್ತು ಇರುವುದನ್ನೇ ಕೇಳಿ.

9. ಬ್ಯಾಟರಿ ವಾಲ್ವ್ ಸೆಟ್ಟಿಗೆ ಮತ್ತೆ ಬ್ಯಾಟರಿ

ಇದಕ್ಕೆ ಎರಡು ಬೇರೆ ಬೇರೆ ಬ್ಯಾಟರಿ ಬೇಕು. ತಂತಿ ಕಾಯಲು 1.5 ವೋಲ್ಟ್, ಕೆಲಸಕ್ಕೆ 90 ವೋಲ್ಟ್. ಆಗ ಎರಡೂ ಸೇರಿದ ಇಟ್ಟಿಗೆ ಗಾತ್ರದ ಪ್ಯಾಕ್ ಸಿಗುತ್ತಿತ್ತು. ಈಗ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ.

ಮನೆಯಲ್ಲೇ ಮಾಡಿಕೊಳ್ಳಬಹುದು. 9 ವೋಲ್ಟಿನ ಚೌಕ ಬ್ಯಾಟರಿಗಳನ್ನು ಹತ್ತು ತಂದು ಒಂದಕ್ಕೊಂದು ಚುಚ್ಚುತ್ತಾ ಹೋದರೆ 90 ವೋಲ್ಟ್. ಸೆಟ್ಟು 10 ಮಿಲಿಆಂಪಿಯರ್ ಆಸುಪಾಸು ಎಳೆಯುವುದರಿಂದ ಆಲ್ಕಲೈನ್ ಬ್ಯಾಟರಿ 40 ಗಂಟೆಗೆ ಮೋಸವಿಲ್ಲ. 1.5 ವೋಲ್ಟಿಗೆ ಒಂದು ದೊಡ್ಡ ಟಾರ್ಚ್ ಶೆಲ್. ಡಿಕೆ96ನಂಥ 96 ಸಾಲಿನ ನಾಲ್ಕು ವಾಲ್ವ್ ಸೇರಿ 125 ಮಿಲಿಆಂಪಿಯರ್ ಎಳೆಯುತ್ತವೆ. ಹೆಚ್ಚು ಕರೆಂಟ್ ಬೇಕಿರುವುದು ಈ ಕಡೆಗೇ, ಅದಕ್ಕೇ ಎರಡು ಶೆಲ್ಲನ್ನು ಅಕ್ಕಪಕ್ಕ, ಪಾಸಿಟಿವ್‌ಗೆ ಪಾಸಿಟಿವ್ ಕೂಡಿಸಿ ಹಾಕಿದರೆ ಇನ್ನೂ ಒಳ್ಳೆಯದು.

ಯಾವ ವೈರ್ ಯಾವುದಕ್ಕೆ ಎಂದು ವಾಲ್ವ್ ಪಿನ್ನಿನ ತನಕ ಹಿಂಬಾಲಿಸಿ ಖಾತ್ರಿ ಮಾಡಿಕೊಳ್ಳಿ. ವೈರಿನ ಬಣ್ಣ ನಂಬಬೇಡಿ, ನಡುವೆ ಯಾರೋ ಬದಲಿಸಿರುತ್ತಾರೆ. 90 ವೋಲ್ಟ್ ಹೋಗಿ 1.4 ವೋಲ್ಟಿನ ತಂತಿಗೆ ಸಿಕ್ಕರೆ ನಾಲ್ಕೂ ವಾಲ್ವ್ ಬೂದಿ. ಮೊದಲು 1.5 ವೋಲ್ಟ್ ಮಾತ್ರ ಕೊಟ್ಟು, ವಾಲ್ವಿನ ಪಿನ್ನಿನಲ್ಲಿ ಅಷ್ಟೇ ಬರುತ್ತಿದೆ ಎಂದು ಅಳೆದು, ಆಮೇಲೆ 90 ಕೊಡಿ. ಈ ತಂತಿ ಹೊಳೆಯುವುದು ಕತ್ತಲಲ್ಲೂ ಕಷ್ಟಕ್ಕೆ ಕಾಣುತ್ತದೆ. ಬೆಳಕಿಲ್ಲ ಅಂತ ವೋಲ್ಟೇಜ್ ಏರಿಸಬೇಡಿ.

10. ಟ್ರಾನ್ಸಿಸ್ಟರ್

ಇದರಲ್ಲಿ ಜೀವಕ್ಕೆ ಭಯವಿಲ್ಲ. ಶೆಲ್ ಸೋರಿ ಹಸಿರು ಕಟ್ಟಿದ್ದರೆ ವಿನಿಗರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಚೆನ್ನಾಗಿ ಒಣಗಿಸಿ. ಸ್ಪ್ರಿಂಗ್ ತುಕ್ಕು ತಿಂದು ತುಂಡಾಗಿದ್ದರೆ ಹೊಸದು.

ಎಲಿಮಿನೇಟರ್, ಅಂದರೆ ಶೆಲ್ ಬದಲು ಗೋಡೆಯ ಕರೆಂಟಿನಿಂದ ಓಡಿಸುವ ಅಡಾಪ್ಟರ್ ಹಾಕುವವರು ಒಂದು ವಿಷಯ ನೋಡಬೇಕು. ಎಸಿ128, ಒಸಿ72 ಥರದ ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುವ ಸೆಟ್ಟುಗಳಲ್ಲಿ ಬಹಳಷ್ಟು ಪಾಸಿಟಿವ್ ತುದಿಯೇ ಚಾಸಿಗೆ ಸೇರಿರುತ್ತದೆ, ಈಗಿನದಕ್ಕೆ ಉಲ್ಟಾ. ಎಲಿಮಿನೇಟರಿನ ಪಿನ್ ನೋಡಿ ಊಹಿಸಬೇಡಿ. ಶೆಲ್ ಹಾಕುವ ಜಾಗದ ಪ್ಲಸ್, ಮೈನಸ್ ಗುರುತಿಗೆ ಮೀಟರ್ ಹಿಡಿದು ಹೊಂದಿಸಿ. ಮೊಬೈಲ್ ಚಾರ್ಜರಿನಂಥ ಹಗುರ ಅಡಾಪ್ಟರ್ ಬೇಡ. ಮೀಡಿಯಂ ವೇವಿನಲ್ಲಿ ಅದು ಗರಗರ ಸದ್ದು ತುಂಬಿಬಿಡುತ್ತದೆ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಭಾರದ ಎಲಿಮಿನೇಟರೇ ಸರಿ, ಅದೂ ಸೆಟ್ಟಿನ ವೋಲ್ಟೇಜಿಗೆ ಹೊಂದುವುದು. ನನ್ನ ಕೇಳಿದರೆ ನಾಲ್ಕು ಶೆಲ್ ಹಾಕಿ ಆರಾಮಾಗಿ ಕೇಳಿ. ಕೇಳದೆ ಇಡುವಾಗ ತೆಗೆದಿಡಿ.

11. ಸ್ಟೇಷನ್ ಹಿಡಿಯುವುದು

ವಾಲ್ವ್ ಸೆಟ್ಟಿಗೆ ಹೊರಗಿನ ಏರಿಯಲ್ ಬೇಕು. ಹಿಂದೆ ಪಡಸಾಲೆಯ ಒಂದು ಗೋಡೆಯಿಂದ ಇನ್ನೊಂದಕ್ಕೆ ತಾಮ್ರದ ಜಾಲರಿ ಪಟ್ಟಿ ಕಟ್ಟಿರುತ್ತಿದ್ದರು, ನೆನಪಿದೆಯಾ? ಅದು ಸಿಗದಿದ್ದರೆ ಹತ್ತು ಹದಿನೈದು ಅಡಿ ಸಾದಾ ವೈರನ್ನು ಎತ್ತರದಲ್ಲಿ ಕಟ್ಟಿ ಏರಿಯಲ್ ಸಾಕೆಟ್ಟಿಗೆ ಹಾಕಿ. ಎಲ್‌ಇಡಿ ಬಲ್ಬು, ಇನ್ವರ್ಟರ್, ಚಾರ್ಜರ್ ಆಫ್ ಮಾಡಿದರೆ ಅರ್ಧ ಗಲಾಟೆ ಇಳಿಯುತ್ತದೆ.

ಡಯಲಿನಲ್ಲಿ ಬರೀ ಮೀಟರ್ (ಅಲೆಯ ಉದ್ದ) ಬರೆದಿದ್ದರೆ 3,00,000ವನ್ನು ಸ್ಟೇಷನ್ನಿನ ಕಿಲೋಹರ್ಟ್ಸಿನಿಂದ ಭಾಗಿಸಿ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಂದರೆ 490 ಮೀಟರ್, ಧಾರವಾಡದ 765 ಅಂದರೆ 392 ಮೀಟರ್. ಮೀಡಿಯಂ ವೇವ್ ಪ್ರಸಾರ ದೇಶದಲ್ಲಿ ಕಡಿಮೆಯಾಗುತ್ತಾ ಬಂದಿದೆ. ಹಗಲು ಏನೂ ಸಿಗದಿದ್ದರೆ ಸೆಟ್ಟು ಕೆಟ್ಟಿದೆ ಅನ್ನಬೇಡಿ, ಕತ್ತಲಾದ ಮೇಲೆ ಹಾಕಿ ನೋಡಿ. ರಾತ್ರಿ ದೂರದ ಮೀಡಿಯಂ ವೇವ್ ಅಲೆಗಳು ಆಕಾಶದಿಂದ ಮರಳಿ ಬರುತ್ತವೆ.

ಎಫ್‌ಎಂ ಹೆಚ್ಚಾಗಿ ಇಂಥ ಸೆಟ್ಟುಗಳಲ್ಲಿ ಬರುವುದಿಲ್ಲ. ಹಾಡು ಬೇಕೇ ಬೇಕು ಅನ್ನುವವರು ಗ್ರಾಮಫೋನ್ ಸಾಕೆಟ್ಟಿಗೆ ಫೋನಿನ ವೈರ್ ಕೊಡಬಹುದು. ಫೋನಿನ ಎಡ, ಬಲ ವೈರುಗಳನ್ನು ತಲಾ ಒಂದು ಕಿಲೋಓಮ್ ರೆಸಿಸ್ಟರಿನ ಮೂಲಕ ಕೂಡಿಸಿ ಒಂದು ಮಾಡಿ. ಇದು ಟ್ರಾನ್ಸ್‌ಫಾರ್ಮರ್ ಸೆಟ್ಟಿಗೆ ಮಾತ್ರ. ಎ.ಸಿ./ಡಿ.ಸಿ. ಸೆಟ್ಟಿಗೆ ಫೋನ್ ಸಿಕ್ಕಿಸಿದರೆ ಕೈಯಲ್ಲಿರುವ ಫೋನಿಗೇ ಗೋಡೆಯ ಕರೆಂಟ್ ಬರುತ್ತದೆ. ಆ ಸಾಕೆಟ್ ಇಲ್ಲದ ಟ್ರಾನ್ಸ್‌ಫಾರ್ಮರ್ ಸೆಟ್ಟಾದರೆ, ವಾಲ್ಯೂಮ್ ಕಂಟ್ರೋಲಿನ ಬಳಿ ಒಂದು ಕೂರಿಸಿಕೊಡಲು ಮೆಕ್ಯಾನಿಕ್ಕಿಗೆ ಹೇಳಿ. ಅವರು ಒಳಗಿನದನ್ನೆಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಹಾಕೋಣ ಅಂದರೆ ಸೆಟ್ಟನ್ನು ವಾಪಸ್ ಎತ್ತಿಕೊಂಡು ಬನ್ನಿ.